ದಾಕ್ಷಾಯಣಮ್ಮನವರ ಪೆನ್‌ಡ್ರೈವಿಗೆ ಶ್ರೀಕಾರ

ಲಷ್ಕರ್ ಮೊಹಲ್ಲಾದಲ್ಲಿ ಯಾರನ್ನಾದರೂ ನಿಲ್ಲಿಸಿ ಗುರುಕೃಪಾ ಕಾಮರ್ಸ್ ಇನ್‌ಸ್ಟಿಟ್ಯೂಟ್ ಎಲ್ಲಿ ಎಂದು ಕೇಳಿ, ಗೊತ್ತಿಲ್ಲ ಎನ್ನುತ್ತಾರೆ. ಟೈಪಿಂಗ್ ಮೇಡಂ ಮನೆ ಎಲ್ಲಿ ಎಂದು ಕೇಳಿ ನೋಡಿ, ಕೈಯಲ್ಲಿದ್ದ ಕೆಲಸ ಬಿಟ್ಟು ಮೆಟ್ಟಿಲ ಬುಡದವರೆಗೆ ಬಂದು ಬಿಟ್ಟು ಹೋಗುತ್ತಾರೆ. ಕೆಳಗೆ ಪಾತ್ರೆ ಅಂಗಡಿ. ಅದರ ಮಗ್ಗುಲಲ್ಲಿ, ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಇಳಿಯಲೇಬೇಕಾದಂಥ ಮೆಟ್ಟಿಲು. ಮೇಲೆ ಉದ್ದನೆಯ ಹಜಾರ, ಹಜಾರದ ಹಿಂದೆ ಮನೆ. ತೊಂಬತ್ತರ ದಶಕದಲ್ಲಿ ಆ ಹಜಾರದ ಟೈಪ್‌ರೈಟರುಗಳು ಬೆಳಗಿನಿಂದ ಸಂಜೆವರೆಗೆ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಕೆಳಗೆ ಪಾತ್ರೆಯ ಮೇಲೆ ಹೆಸರು ಕೊರೆಯುವ ಸದ್ದು, ಮೇಲೆ ಇದು. ಯಾರ ಸದ್ದಿನ ಮೇಲೆ ಯಾರು ದೂರು ಕೊಡಬೇಕು ಎಂಬುದೇ ತೀರ್ಮಾನವಾಗದೆ ಎರಡೂ ಕಡೆಯವರು ಅನ್ಯೋನ್ಯವಾಗಿದ್ದರು.

ಆ ಹಜಾರದ ಒಡತಿ ದಾಕ್ಷಾಯಣಮ್ಮ. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲೊಂದು ಮರದ ಸ್ಕೇಲು. ಸ್ಕೇಲು ಹೊಡೆಯುವುದಕ್ಕಲ್ಲ, ಮೇಜು ಕುಟ್ಟಿ ತಾಳ ಹಾಕುವುದಕ್ಕೆ. ತಾಳ ತಪ್ಪಿದರೆ ಕಣ್ಣು ಮುಚ್ಚಿಕೊಂಡೇ ಯಾವ ಮೇಜಿನವರು ತಪ್ಪಿದರು ಎಂದು ಹೇಳಿಬಿಡುತ್ತಿದ್ದರು. ಮೈಸೂರಿನ ಯಾವ ಕಚೇರಿಗೆ ಹೋದರೂ ಅವರ ಕೈಕೆಳಗೆ ಕಲಿತವರು ಒಬ್ಬರಾದರೂ ಸಿಗುತ್ತಿದ್ದರು, ಸಿಕ್ಕವರು ಕುರ್ಚಿ ಬಿಟ್ಟು ಏಳುತ್ತಿದ್ದರು. ಇದರಿಂದ ಬಹಳ ಅನುಕೂಲವಾದದ್ದು ಅವರ ಯಜಮಾನರು ಶಿವರುದ್ರಪ್ಪನವರಿಗೆ. ಜವಳಿ ವ್ಯಾಪಾರ ಮಾಡಿ ಸಾಕಾಗಿ ಮನೆಯಲ್ಲಿ ಕೂತಿದ್ದ ಅವರು, ಎಲ್ಲಿ ಕ್ಯೂ ಉದ್ದವಿದ್ದರೂ ನಾನು ಟೈಪಿಂಗ್ ಮೇಡಂ ಗಂಡ ಎಂದು ಸಂಕೋಚವಿಲ್ಲದೆ ಹೇಳಿಕೊಂಡು ಮುಂದೆ ಹೋಗಿ ನಿಲ್ಲುತ್ತಿದ್ದರು.

ದಾಕ್ಷಾಯಣಮ್ಮನವರದು ಒಂದು ಕಟ್ಟಳೆ. ಮಿಷನ್ನಿಗೆ ಹೊಸ ಹಾಳೆ ಸಿಕ್ಕಿಸಿದವರು ಮೊದಲು ನೆತ್ತಿಯ ನಡುಮಧ್ಯಕ್ಕೆ ಬಂದು ‘ಶ್ರೀ’ ಎಂದು ಹೊಡೆಯಬೇಕು. ಆಮೇಲೆ ಪಾಠವಾಗಲಿ, ಪತ್ರವಾಗಲಿ, ಕೋರ್ಟಿನ ಕಾಗದವಾಗಲಿ. ಅವರ ತಂದೆ ಮಠದ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ತಲೆ ಬರಿದಾಗಿರುವ ಕಾಗದ ಹೊಸಿಲು ದಾಟಬಾರದು ಎಂದು ಮಗಳಿಗೆ ಹೇಳಿಕೊಟ್ಟಿದ್ದರು. ಮಗಳು ಅದನ್ನು ಅರ್ಧ ಮೈಸೂರಿಗೆ ಹೇಳಿಕೊಟ್ಟರು. ಸರ್ಕಾರಿ ಪರೀಕ್ಷೆಯಲ್ಲಿ ಕೊಟ್ಟದ್ದರ ಹೊರತು ಒಂದಕ್ಷರ ಹೆಚ್ಚು ಹೊಡೆದರೂ ತಪ್ಪು. ಅಲ್ಲೂ ಶ್ರೀ ಹೊಡೆದು ಮಾರ್ಕು ಕಳೆದುಕೊಂಡ ಹುಡುಗಿಯೊಬ್ಬಳು ಅಳುತ್ತಾ ಬಂದಾಗ, ಒಂದು ಮಾರ್ಕು ದೇವರಿಗೆ ಒಪ್ಪಿಸಿದೆ ಅಂದುಕೋ, ತೆಂಗಿನಕಾಯಿಗಿಂತ ಅಗ್ಗವಾಯಿತು ಎಂದು ಸಮಾಧಾನ ಹೇಳಿ ಕಳಿಸಿದ್ದರು.

ಈ ಕಟ್ಟಳೆಗೆ ಒಬ್ಬನೇ ಒಬ್ಬ ತಕರಾರು ತೆಗೆದದ್ದು. ಅವನ ಹೆಸರು ಗೌತಮ್. ಅಶೋಕಪುರಂನವನು, ಮನೆಯವರು ಬೌದ್ಧರು. ತಂದೆ ಮೂಗಯ್ಯ ಹಳ್ಳಿ ಬಿಟ್ಟು ಬಂದು ಕಡಕೊಳದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು. ಪಿಯುಸಿ ಮುಗಿಸಿ ಟೈಪಿಂಗಿಗೆ ಸೇರಿದ ಮೊದಲ ದಿನ ಹುಡುಗ ಹಾಳೆ ಸಿಕ್ಕಿಸಿಕೊಂಡು ಕೈಕಟ್ಟಿ ಕೂತುಬಿಟ್ಟ. ಯಾಕೆಂದು ಕೇಳಿದ್ದಕ್ಕೆ, ಇದನ್ನು ನಮ್ಮ ಮನೆಯಲ್ಲಿ ಬರೆಯುವುದಿಲ್ಲ ಎಂದ. ಹಜಾರದ ಮಿಷನ್ನುಗಳೆಲ್ಲ ಒಮ್ಮೆಲೇ ನಿಂತವು.

ದಾಕ್ಷಾಯಣಮ್ಮ ಸ್ಕೇಲನ್ನು ಮೇಜಿನ ಮೇಲಿಟ್ಟರು.

“ನಿಮ್ಮನೇಲಿ ಮೊದಲು ಏನು ಬರೀತಾರೆ?”

“ಜೈ ಭೀಮ್ ಅಂತ ಬರೀತಾರೆ ಮೇಡಂ.”

“ಹಂಗಾದ್ರೆ ಅದನ್ನೇ ಹೊಡಿ. ತಲೆ ಮಾತ್ರ ಬರಿದು ಬಿಡ್ಬೇಡ.”

ಅಷ್ಟು ಹೇಳಿ ಪಕ್ಕದ ಮೇಜಿಗೆ ಹೋದರು. ಮಿಷನ್ನುಗಳು ಮತ್ತೆ ಬಡಿದುಕೊಳ್ಳತೊಡಗಿದವು. ಆ ಮಾತು ಅವರಿಗೆ ಅಂದು ಸಂಜೆಯ ಹೊತ್ತಿಗೇ ಮರೆತುಹೋಯಿತು. ದಿನಕ್ಕೆ ನೂರು ಮಾತಾಡುವವರು ಎಷ್ಟೂಂತ ನೆನಪಿಟ್ಟುಕೊಂಡಾರು. ಗೌತಮ್ ಮಾತ್ರ ಜೂನಿಯರ್, ಸೀನಿಯರ್ ಎರಡೂ ಪಾಸಾಗುವ ತನಕ ಪ್ರತಿ ಹಾಳೆಯ ನೆತ್ತಿಯ ಮೇಲೂ ಜೈ ಭೀಮ್ ಹೊಡೆದ.

ಶತಮಾನ ಮಗ್ಗುಲು ಬದಲಾಯಿಸುವ ಹೊತ್ತಿಗೆ ಟೈಪ್‌ರೈಟರುಗಳು ಒಂದೊಂದಾಗಿ ಅಟ್ಟ ಸೇರಿ, ಹಜಾರಕ್ಕೆ ಕಂಪ್ಯೂಟರುಗಳು ಬಂದವು. ಕಟ್ಟಳೆಯೂ ಅವುಗಳಿಗೆ ವರ್ಗವಾಯಿತು. ಮೊದಲ ಫ್ಲಾಪಿ ಕೈಗೆ ಬಂದಾಗ ದಾಕ್ಷಾಯಣಮ್ಮನವರಿಗೆ ಒಂದು ಧರ್ಮಸಂಕಟ ಎದುರಾಗಿತ್ತು: ಹಾಳೆಗಾದರೆ ತಲೆ ಇದೆ, ಈ ಚೌಕಕ್ಕೆ ತಲೆ ಎಲ್ಲಿ? ಯೋಚಿಸಿ ದಾರಿ ಕಂಡುಕೊಂಡರು. ಫ್ಲಾಪಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ‘ಶ್ರೀ’ ಎಂದು ಹೆಸರಿಟ್ಟು ಒಂದು ಫೋಲ್ಡರ್ ಮಾಡುವುದು, ಮಿಕ್ಕ ಸಕಲವನ್ನೂ ಎಳೆದು ಅದರೊಳಗೆ ಹಾಕುವುದು. ತೆರೆದವರ ಕಣ್ಣಿಗೆ ಮೊದಲು ಬೀಳುವುದು ಶ್ರೀ ಒಂದೇ. ಉಳಿದ ಸಂಸಾರವೆಲ್ಲ ಅದರ ಆಸರೆಯಲ್ಲಿ. ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂದ ಮೇಲೂ ಇದೇ ನಡೆಯಿತು. ಅವರ ಕೈಗೆ ಬಂದ ಪೆನ್‌ಡ್ರೈವ್ ಯಾರದೇ ಆಗಿರಲಿ, ಶ್ರೀಕಾರ ಹಾಕಿಸಿಕೊಳ್ಳದೆ ಹಿಂತಿರುಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗುವ ಹಾಗೆ ಅದು ಅವರಿಗೆ ತಾನಾಗಿ ಆಗುವ ಕೆಲಸವಾಗಿತ್ತು.

ಸಂಕಟ ಶುರುವಾದದ್ದು ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ. ಇನ್ನು ಮುಂದೆ ಬರೀ ಟೈಪಿಂಗ್ ಕಲಿಸಿದರೆ ಸಾಲದು, ಕಂಪ್ಯೂಟರ್ ತರಗತಿಗೆ ಮಾನ್ಯತೆ ಇದ್ದರೆ ಮಾತ್ರ ಸಂಸ್ಥೆ ಉಳಿಯುತ್ತದೆ ಎಂದು ಮೇಲಿನಿಂದ ಸುದ್ದಿ ಬಂತು. ಪರಿಶೀಲನೆಗೆ ಅಧಿಕಾರಿ ಬರುತ್ತಾರೆ, ಕಂಪ್ಯೂಟರಿನಲ್ಲಿರುವುದು ಕಳ್ಳಪ್ರತಿ ಆಗಿರಕೂಡದು, ಕಲಿಸುವವರು ತಮ್ಮ ಕೈಯಾರೆ ಕಂಪ್ಯೂಟರನ್ನು ಸಜ್ಜು ಮಾಡಿ ತೋರಿಸಬೇಕು. ದಾಕ್ಷಾಯಣಮ್ಮ ತಮ್ಮ ಕಂಪ್ಯೂಟರುಗಳತ್ತ ತಿರುಗಿ ನೋಡಿದರು. ಜೋಡಿಸಿಕೊಟ್ಟವನು ಎಲ್ಲಕ್ಕೂ ವಿಂಡೋಸ್ ಕಳ್ಳಪ್ರತಿಯನ್ನೇ ತುಂಬಿಕೊಟ್ಟಿದ್ದ ಎನ್ನುವುದು ಅವರಿಗೆ ಗೊತ್ತಾದದ್ದೇ ಆಗ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಇಷ್ಟು ವರ್ಷ ಕದ್ದ ಮಾಲಿನ ಮೇಲೆ ಶ್ರೀ ಬರೆಸಿದೆನಲ್ಲ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಶಿವರುದ್ರಪ್ಪನವರ ಲೆಕ್ಕವೇ ಬೇರೆ. ಅವರಿಗೆ ಹೆಂಡತಿ ಇನ್ನಾದರೂ ಸ್ಕೇಲು ಕೆಳಗಿಟ್ಟು ತಮ್ಮ ಜೊತೆ ಹಗಲಲ್ಲಿ ಚೌಕಾಬಾರ ಆಡಬೇಕೆಂಬ ಆಸೆ. ಹಜಾರವನ್ನು ಮೊಬೈಲ್ ಅಂಗಡಿಗೆ ಕೇಳುತ್ತಿದ್ದಾರೆ, ಕೊಟ್ಟು ಹಾಯಾಗಿರೋಣ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಆದರೂ ದಾಕ್ಷಾಯಣಮ್ಮನವರಿಗೆ ಎದೆಗೆ ನಾಟಿತು. ಪರಿಶೀಲನೆಯಲ್ಲಿ ಫೇಲಾದರೆ ಬೋರ್ಡನ್ನು ನನ್ನ ಕೈಯಿಂದಲೇ ಇಳಿಸುತ್ತೇನೆ, ಅಲ್ಲಿಯತನಕ ಯಾರೂ ಉಸಿರೆತ್ತಬಾರದು ಎಂದುಬಿಟ್ಟರು. ಅಂದರೇನೋ ಸರಿ, ಒಳಗೊಳಗೇ ಹೆದರಿದರು. ಕೀಲಿಗಳ ಸದ್ದಿಲ್ಲದ ಮನೆಯಲ್ಲಿ ತಾನು ಯಾರು ಎಂದು ಕೇಳಿಕೊಂಡರೆ ಅವರಿಗೆ ಉತ್ತರ ಹೊಳೆಯುತ್ತಿರಲಿಲ್ಲ.

ಆಗ ಅವರಿಗೆ ನೆನಪಾದವನು ಗೌತಮ್. ಈಗ ಅವನು ಹುಡುಗನಲ್ಲ, ಮದುವೆಯಾಗಿ ಹೊಟ್ಟೆ ಬಂದ ಗೃಹಸ್ಥ. ಅಗ್ರಹಾರದ ಕಡೆ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮೇಡಂ ಬಂದದ್ದು ಕಂಡು ಎದ್ದು ನಿಂತು, ಕುರ್ಚಿ ಒರೆಸಿ, ಸಂಗತಿ ಕೇಳಿ, ಇದಕ್ಕೆಲ್ಲ ಲಿನಕ್ಸ್ ಹಾಕೋಣ ಎಂದ. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ಪುಕ್ಕಟೆ ಸಿಗುತ್ತದೆ, ಕಳ್ಳತನವೂ ಅಲ್ಲ. ಪುಕ್ಕಟೆ ಕೊಡುವವರಿಗೆ ಏನು ಲಾಭ ಎಂದು ದಾಕ್ಷಾಯಣಮ್ಮ ಅನುಮಾನಪಟ್ಟರು. ಗೌತಮ್ ಸ್ವಲ್ಪ ಯೋಚಿಸಿ, ಮಠದ ದಾಸೋಹ ಇದ್ದ ಹಾಗೆ ಮೇಡಂ, ಯಾರು ಬೇಕಾದರೂ ಬಂದು ಉಣ್ಣಬಹುದು, ಕೈಲಾದವರು ಬಡಿಸಬಹುದು ಎಂದ. ಇಷ್ಟು ಹೇಳಿದ್ದೇ ತಡ, ಅವರಿಗೆ ಲಿನಕ್ಸ್ ಅಂಗೈ ಮೇಲಿನ ನೆಲ್ಲಿಕಾಯಿಯಾಯಿತು.

ಹಜಾರದ ಕಂಪ್ಯೂಟರುಗಳ ಸಿಡಿ ಡ್ರೈವುಗಳು ಧೂಳು ತಿಂದು ಕಾಲವಾಗಿದ್ದವು. ಅದಕ್ಕೆ ಗೌತಮ್ ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಬರೆದುಕೊಟ್ಟ. ಕಂಪ್ಯೂಟರ್ ಶುರುವಾಗುವಾಗಲೇ ಈ ಪೆನ್‌ಡ್ರೈವಿನಿಂದ ಶುರುವಾಗಬೇಕು, ಅದಕ್ಕೆ ಬೂಟ್ ಆಗುವುದು ಎನ್ನುತ್ತಾರೆ ಎಂದು ವಿವರಿಸಿ, ತನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಮಾಡಿಯೂ ತೋರಿಸಿದ. ಬಣ್ಣಬಣ್ಣದ ಪರದೆ ಚೆಂದವಾಗಿ ಬಂತು. ಯಾವ ಗುಂಡಿ ಯಾವಾಗ ಒತ್ತಬೇಕೆಂದು ದಾಕ್ಷಾಯಣಮ್ಮ ಬಾಯಿಪಾಠ ಮಾಡಿಕೊಂಡರು. ತಾನು ಬಂದು ಹಾಕಿಕೊಡುತ್ತೇನೆ ಎಂದರೂ ಕೇಳಲಿಲ್ಲ. ಸಾಹೇಬರ ಮುಂದೆ ಮಾಡಿ ತೋರಿಸಬೇಕಾದವಳು ನಾನು, ನೀನಲ್ಲ ಎಂದು ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದರು.

ಬಂದವರು ಕೈಕಾಲು ತೊಳೆದು, ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ತೆರೆದರು. ಒಳಗೆ ಎಂಥೆಂಥದೋ ಹೆಸರಿನ ಫೈಲುಗಳು ಸಂತೆಯಲ್ಲಿ ನಿಂತ ಹಾಗೆ ನಿಂತಿದ್ದವು, ತಲೆ ಎನ್ನುವುದು ಇರಲಿಲ್ಲ. ಕೈ ತನ್ನ ಪಾಡಿಗೆ ತಾನು ಶ್ರೀ ಫೋಲ್ಡರ್ ಮಾಡಿತು, ಅಷ್ಟನ್ನೂ ಎಳೆದು ಒಳಗೆ ಹಾಕಿತು. ಅಚ್ಚುಕಟ್ಟಾಯಿತು. ಆಮೇಲೆ ಕಂಪ್ಯೂಟರ್ ಆರಿಸಿ, ಮತ್ತೆ ಹಾಕಿ, ಹೇಳಿದ ಹೊತ್ತಿಗೆ ಹೇಳಿದ ಗುಂಡಿ ಒತ್ತಿದರು.

ಪರದೆ ಕಪ್ಪಾಯಿತು. ಅದರ ಮೇಲೆ, ಕರ್ನಲ್ ಎಂಬ ಲಿನಕ್ಸಿನ ತಿರುಳು ಸಿಗುತ್ತಿಲ್ಲ ಎಂಬರ್ಥದ ಒಂದು ಇಂಗ್ಲಿಷ್ ಸಾಲು. ಅದರ ಕೆಳಗೆ ‘ಬೂಟ್’ ಎಂದು ಬರೆದು ಮಿಣಮಿಣ ಅನ್ನುವ ಗೆರೆ. ಮತ್ತೇನಿಲ್ಲ. ದಾಕ್ಷಾಯಣಮ್ಮ ಎರಡನೇ ಕಂಪ್ಯೂಟರಿಗೆ ಹಾಕಿದರು, ಅದೂ ಹಾಗೇ ಅಂದಿತು. ಮೂರನೆಯದೂ ಅದೇ ರಾಗ. ಶಿವರುದ್ರಪ್ಪನವರು ಬಂದು ಹೆಂಡತಿಯ ಭುಜದ ಮೇಲಿಂದ ಇಣುಕಿ ಆ ಸಾಲನ್ನು ಓದಿ, ದಂಡಿನ ಹೆಸರು ಹೊತ್ತ ಲಷ್ಕರ್ ಮೊಹಲ್ಲಾದಲ್ಲೇ ಕರ್ನಲ್ ಸಿಗಲಿಲ್ಲ ಅಂದರೆ ಇನ್ನೆಲ್ಲಿ ಸಿಗುತ್ತಾನೆ ಎಂದು ತಮಾಷೆ ಮಾಡಿದರು. ಕನ್ನಡಕದ ಮೇಲಿಂದ ಬಂದ ನೋಟಕ್ಕೆ ಸುಮ್ಮನೆ ಒಳಗೆ ಹೋದರು.

ಮಾರನೆಯ ದಿನ ಪೆನ್‌ಡ್ರೈವ್ ಗೌತಮ್‌ನ ಅಂಗಡಿಗೆ ವಾಪಸು ಬಂತು. ಅವನು ತೆರೆದು ನೋಡಿದ. ಶ್ರೀ ಎಂಬ ಫೋಲ್ಡರ್, ಅದರೊಳಗೆ ಎಲ್ಲ ಫೈಲೂ ಕ್ಷೇಮ. ಎಲ್ಲ ಇದೆಯಲ್ಲ ಮೇಡಂ ಎಂದ. ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಈ ಫೋಲ್ಡರ್ ಎಲ್ಲಿಂದ ಬಂತು ಎಂದು ಅಲ್ಲೇ ಹಿಡಿಯುತ್ತಿದ್ದ. ಗೌತಮ್‌ಗೆ ಹಿಡಿಯಲಾಗಲಿಲ್ಲ, ಏಕೆಂದರೆ ಅವನೂ ಅದೇ ಹಜಾರದಲ್ಲಿ ಬೆಳೆದವನು. ಅವನ ಸ್ವಂತ ಕಡತಗಳಿರುವ ಡಿಸ್ಕುಗಳಲ್ಲೂ ಎಲ್ಲಕ್ಕೂ ಮೇಲೆ ಜೈ ಭೀಮ್ ಎಂಬ ಫೋಲ್ಡರ್ ಕೂತಿರುತ್ತಿತ್ತು. ಇನ್ನು ಲಿನಕ್ಸ್ ಬರೆದ ಪೆನ್‌ಡ್ರೈವನ್ನು ಬರೆದಾದ ಮೇಲೆ ತೆರೆದು ನೋಡುವ ರೂಢಿ ಅವನಿಗೆ ಇರಲೇ ಇಲ್ಲ. ಹೀಗಾಗಿ ತಲೆಯ ಮೇಲೊಂದು ಹೆಸರು ಕಂಡಾಗ ಅವನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಂಡಿತು.

ಆದರೂ ಒಂದು ಮಾತು ಕೇಳಬೇಕಲ್ಲ, ಕೇಳಿದ. ನೀವು ಇದರಲ್ಲಿ ಏನಾದರೂ ಮಾಡಿದಿರಾ ಎಂದ. ಏನೂ ಮಾಡಲಿಲ್ಲ ಕಣಪ್ಪ, ನೀನು ಕೊಟ್ಟದ್ದನ್ನು ಕೊಟ್ಟ ಹಾಗೇ ಸಿಕ್ಕಿಸಿದೆ ಎಂದರು. ಸುಳ್ಳು ಹೇಳುವ ಹೆಂಗಸಲ್ಲ, ಹೇಳಿದ್ದು ಸುಳ್ಳೂ ಅಲ್ಲ. ನಿಮ್ಮನ್ನು ಯಾರಾದರೂ ಬೆಳಗಿನಿಂದ ಏನೇನು ಮಾಡಿದಿರಿ ಎಂದು ಕೇಳಿದರೆ, ಉಸಿರಾಡಿದೆ ಅಂತ ಸೇರಿಸಿ ಹೇಳುತ್ತೀರೇನು?

ಗೌತಮ್ ಪೆನ್‌ಡ್ರೈವನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದ, ತನ್ನ ಅಂಗಡಿಯಲ್ಲಿ ಪರೀಕ್ಷೆ ಮಾಡಿದ, ಬೂಟ್ ಆಯಿತು. ದಾಕ್ಷಾಯಣಮ್ಮ ಮನೆಗೆ ತಂದರು, ಆಗಲಿಲ್ಲ. ಪೆನ್‌ಡ್ರೈವೇ ಕೆಟ್ಟಿರಬೇಕೆಂದು ಬೇರೆ ಕಂಪನಿಯದನ್ನು ಕೊಟ್ಟ. ಅಲ್ಲಿ ಆಯಿತು, ಇಲ್ಲಿ ಆಗಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಅಂಗಡಿಯಲ್ಲಿ ಅವನು ಕೂಡಿಸಿದ್ದನ್ನು ಹಜಾರದಲ್ಲಿ ಇವರು ಬಿಡಿಸುತ್ತಿದ್ದರು, ಇಬ್ಬರಿಗೂ ಅದು ಗೊತ್ತಿಲ್ಲ.

ಕೊನೆಗೆ ತಪ್ಪೆಲ್ಲ ಕಂಪ್ಯೂಟರುಗಳದೇ ಎಂದು ತೀರ್ಮಾನಿಸಿ ಗೌತಮ್ ಚೀಲ ಹೆಗಲಿಗೇರಿಸಿಕೊಂಡು ತಾನೇ ಬಂದ. ಡಬ್ಬ ಬಿಚ್ಚಿ ಧೂಳು ಊದಿದ, ಮುಂದಿನ ತೂತಿನ ಬದಲು ಹಿಂದಿನ ತೂತಿಗೆ ಸಿಕ್ಕಿಸಿ ಎಂದ, ಒಳಗಿನ ಪುಟ್ಟ ಬ್ಯಾಟರಿ ಬದಲಾಯಿಸಿದ, ವೈರುಗಳನ್ನು ಕಿತ್ತು ಮತ್ತೆ ಕೂರಿಸಿದ. ಇದರ ಮಧ್ಯೆ ದಾಕ್ಷಾಯಣಮ್ಮ, ಮೊದಲು ಕಾಫಿ ಕುಡಿ ಎಂದು ಅವನನ್ನು ಅಡುಗೆಮನೆಗೆ ಅಟ್ಟಿ, ಅವನು ತಂದಿದ್ದ ಹೊಸ ಪೆನ್‌ಡ್ರೈವನ್ನು ಪಕ್ಕದ ಕಂಪ್ಯೂಟರಿಗೆ ಹಾಕಿ, ಎಂದಿನಂತೆ ಅಚ್ಚುಕಟ್ಟು ಮಾಡಿ, ತೆಗೆದು ಅದೇ ಜಾಗದಲ್ಲಿಟ್ಟರು. ಕಾಫಿ ಕುಡಿದು ಬಂದವನು ಸಿಕ್ಕಿಸಿದ. ಕರ್ನಲ್ ಸಿಗಲಿಲ್ಲ. ಶಿವರುದ್ರಪ್ಪನವರು ಇದು ಎದುರಿನ ಕಂಪ್ಯೂಟರ್ ಸೆಂಟರಿನವರ ದೃಷ್ಟಿಯೇ ಎಂದು ನಿಶ್ಚಯಿಸಿ, ಒಂದು ನಿಂಬೆಹಣ್ಣು ನಾಲ್ಕು ಮೆಣಸಿನಕಾಯಿ ಪೋಣಿಸಿ ಮಾನಿಟರಿಗೆ ತೂಗುಬಿಟ್ಟರು. ಅದು ಅರ್ಧ ಪರದೆ ಮುಚ್ಚುತ್ತಿತ್ತು. ಮುಚ್ಚಿದ್ದರಿಂದ ನಷ್ಟವೇನೂ ಆಗಲಿಲ್ಲ, ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ದಿನ ಸರಿದು, ಬೆಳಗಾದರೆ ಅಧಿಕಾರಿ ಬರುತ್ತಾರೆ ಎನ್ನುವಷ್ಟಕ್ಕೆ ಬಂದು ನಿಂತಿತು. ಅಂದು ಸಂಜೆ ಮಕ್ಕಳನ್ನು ಬೇಗ ಕಳಿಸಿ ದಾಕ್ಷಾಯಣಮ್ಮ ಮೆಟ್ಟಿಲ ತುದಿಗೆ ಬಂದು ನಿಂತರು. ಬೋರ್ಡು ಅಲ್ಲಿಂದ ಓರೆಯಾಗಿ ಕಾಣುತ್ತಿತ್ತು. ನೀಲಿ ಬಣ್ಣ, ಬಿಳಿ ಅಕ್ಷರ, ಎಲ್ಲಕ್ಕೂ ಮೇಲೆ ಶ್ರೀ. ಯಾವ ಮೊಳೆ ಎಲ್ಲಿದೆ, ಇಳಿಸಲು ಯಾರ ಮನೆಯ ಏಣಿ ತರಬೇಕು ಎಂದೆಲ್ಲ ಲೆಕ್ಕ ಹಾಕತೊಡಗಿದ್ದು ಅವರಿಗೇ ಅರಿವಾಗಿ, ಕಣ್ಣು ತುಂಬಿ ಬಂತು. ಗಂಡ ನೋಡಿಬಿಟ್ಟಾರೆಂದು ಸೆರಗಿನಿಂದ ಒರೆಸಿಕೊಂಡರು. ಶಿವರುದ್ರಪ್ಪನವರು ಬಾಗಿಲ ಹಿಂದಿನಿಂದ ನೋಡಿಯೇ ಇದ್ದರು. ಆ ಹೊತ್ತಿಗೆ ಅವರಿಗೆ ಚೌಕಾಬಾರವೂ ಬೇಡ, ಮೊಬೈಲ್ ಅಂಗಡಿಯೂ ಬೇಡ ಅನ್ನಿಸಿತ್ತು. ಅವರೇ ಕೆಳಗಿಳಿದು ಹೋಗಿ ಪಾತ್ರೆ ಅಂಗಡಿಯ ಫೋನಿನಿಂದ ಗೌತಮ್‌ಗೆ, ಹೇಗಾದರೂ ಮಾಡಿ ಇನ್ನೊಂದು ಸಲ ಬಂದು ಹೋಗಪ್ಪಾ ಎಂದರು.

ಗೌತಮ್ ಅಂಗಡಿ ಬಾಗಿಲು ಹಾಕಿ ಬಂದ. ಹೊಸದಾಗಿ ಬರೆದ ಪೆನ್‌ಡ್ರೈವನ್ನು ಜೇಬಿನಿಂದ ತೆಗೆದು, ಈ ಸಲ ಎಲ್ಲವನ್ನೂ ನೀವೇ ಮಾಡಿ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದ. ಅಷ್ಟು ದಿನದಲ್ಲಿ ಅವನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ದಾಕ್ಷಾಯಣಮ್ಮ ಕುರ್ಚಿ ಎಳೆದುಕೊಂಡು ಕೂತರು. ಪೆನ್‌ಡ್ರೈವ್ ಸಿಕ್ಕಿಸಿದರು, ತೆರೆದರು, ಹೊಸ ಫೋಲ್ಡರ್ ಮಾಡಿದರು, ಶ್ರೀ ಎಂದು ಹೆಸರಿಟ್ಟರು, ಎಲ್ಲ ಫೈಲನ್ನೂ ಒಟ್ಟಿಗೆ ಹಿಡಿದು ಅದರೊಳಗೆ ಹಾಕಿದರು. ನಿಂಬೆಹಣ್ಣನ್ನು ಪಕ್ಕಕ್ಕೆ ಸರಿಸಿ, ಈಗ ಆರಿಸಿ ಹಾಕಲೇ ಎಂದು ಕೇಳುತ್ತಾ ತಿರುಗಿದರು.

ಗೌತಮ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ.

“ಮೇಡಂ, ಈಗೇನೋ ಮಾ‍ಡಿದ್ರಲ್ಲ, ಪ್ರತಿ ಸಲಾನೂ ಹಿಂಗೇ ಮಾಡ್ತಿದ್ರಾ?”

“ಏನು ಮಾಡಿದೆ? ಏನೂ ಮಾಡ್ಲಿಲ್ವಲ್ಲ.”

ಅವನು ಮೆಲ್ಲಗೆ, ಎಲ್ಲಿಯೂ ನೋಯದ ಹಾಗೆ ಬಿಡಿಸಿ ಹೇಳಿದ. ಕಂಪ್ಯೂಟರ್ ಕಣ್ಣು ಬಿಟ್ಟಾಗ ಅದಕ್ಕೆ ಇನ್ನೂ ಏನೂ ತಿಳಿಯದು. ಹೊಸಿಲ ಹತ್ತಿರ ನಿಂತು ತನಗೆ ಬೇಕಾದ್ದು ಅಲ್ಲೇ ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಸಿಗಲಿಲ್ಲ ಎಂದು ಕೂಗುತ್ತದೆ. ಒಳಕೋಣೆಗೆ ಹೋಗಿ ಹುಡುಕುವ ಬುದ್ಧಿ ಅದಕ್ಕಿಲ್ಲ. ನೀವು ಅದರ ಸಾಮಾನನ್ನೆಲ್ಲ ಒಯ್ದು ದೇವರ ಮನೆಯೊಳಗೆ ಇಟ್ಟಿದ್ದೀರಿ. ಇಷ್ಟೇ ಸಂಗತಿ.

ಮೊದಲು ನಕ್ಕವರು ಶಿವರುದ್ರಪ್ಪನವರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಿರಿ, ನನ್ನ ನಿಂಬೆಹಣ್ಣು ದಂಡವಾಯಿತು ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ದಾಕ್ಷಾಯಣಮ್ಮನವರಿಗೆ ನಾಚಿಕೆಯೋ ನಾಚಿಕೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಆಯಿತಲ್ಲ ನನ್ನ ಕತೆ ಎಂದು ಹಣೆ ಚಚ್ಚಿಕೊಂಡರು. ಆದರೆ ಅದೇ ಗಳಿಗೆಯಲ್ಲಿ ಎದೆಯಿಂದ ಒಂದು ಬಂಡೆ ಇಳಿದು, ಉಸಿರು ಸರಾಗವಾಯಿತು.

ಈಗ ಉಳಿದದ್ದು ಚಿಟಿಕೆ ಹೊಡೆಯುವಷ್ಟರ ಕೆಲಸ. ಫೈಲುಗಳನ್ನು ಹೊರಗೆ ತಂದು, ಆ ಫೋಲ್ಡರನ್ನು ಅಳಿಸಿದರಾಯಿತು. ಮೇಡಂ ಎದ್ದು ಕೊಟ್ಟ ಕುರ್ಚಿಯಲ್ಲಿ ಗೌತಮ್ ಕೂತ. ಫೈಲುಗಳನ್ನು ಹೊರಗೆ ತಂದ. ಬರಿದಾದ ಶ್ರೀ ಒಂದೇ ಉಳಿಯಿತು. ಅದು ಅಲ್ಲಿ ಇದ್ದರೂ ಲಿನಕ್ಸಿಗೆ ಬಾಧಕವೇನಿರಲಿಲ್ಲ, ಆದರೆ ಅದು ಕಂಡರೆ ನಾಳೆ ಸಾಹೇಬರ ಮುಂದೆ ಮೇಡಂ ಕೈ ಮತ್ತೆ ತನ್ನ ಕೆಲಸ ತಾನು ಮಾಡಿಬಿಡುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಅಳಿಸಲೇಬೇಕು. ಅವನ ಬೆರಳು ಗುಂಡಿಯ ಮೇಲೆ ನಿಂತದ್ದು ನಿಂತೇ ಇತ್ತು.

ಯಾಕೋ ಕೂತುಬಿಟ್ಟೆ, ತೆಗಿ ಎಂದರು ದಾಕ್ಷಾಯಣಮ್ಮ.

“ಆಗಲ್ಲ ಮೇಡಂ. ಅವತ್ತು ಅಷ್ಟು ಜನರ ಎದುರಿಗೆ ನೀವು ನನ್ನ ತಲೆಸಾಲು ಅಳಿಸ್ಲಿಲ್ಲ. ಇವತ್ತು ನಿಮ್ಮದನ್ನ ನಾನೆಂಗೆ ಅಳಿಸ್ಲಿ?”

ದಾಕ್ಷಾಯಣಮ್ಮನವರಿಗೆ ಮೊದಲು ಅರ್ಥವೇ ಆಗಲಿಲ್ಲ. ಯಾವತ್ತು, ಯಾರ ಎದುರು, ಯಾವ ತಲೆಸಾಲು? ಆಮೇಲೆ ಕೈಕಟ್ಟಿ ಕೂತಿದ್ದ ಹುಡುಗನೊಬ್ಬ, ಒಮ್ಮೆಲೇ ನಿಂತುಹೋದ ಮಿಷನ್ನುಗಳು, ಅವನ ಮಿಷನ್ನಿನಲ್ಲಿದ್ದ ಬರಿಯ ಹಾಳೆ ಮಸುಕಾಗಿ ನೆನಪಿಗೆ ಬಂದವು. ತಾವು ಆಡಿ ಮರೆತ ಒಂದು ಮಾತನ್ನು ಈ ಹೊಟ್ಟೆ ಬಂದ ಗೃಹಸ್ಥ ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದಾನೆ ಎಂದು ಅವರಿಗೆ ಆಗ ತಿಳಿಯಿತು. ಸ್ಕೇಲು ಹುಡುಕಿದರು, ಕೈಗೆ ಸಿಗಲಿಲ್ಲ. ಬರಿಗೈಯಲ್ಲೇ ಮೇಜು ಕುಟ್ಟಿದರು.

“ಏಳು ಮೇಲೆ. ಲಿನಕ್ಸ್ ಮನೇಲಿ ಮೊದಲು ಏನು ಬರೀತಾರೋ ಅದನ್ನೇ ಬರೀಲಿ ಬಿಡು. ತಲೆ ಬರಿದಾಗೇನೂ ಇಲ್ವಲ್ಲ.”

ಎಂದವರೇ ಅವನನ್ನು ಎಬ್ಬಿಸಿ, ಕುರ್ಚಿಯಲ್ಲಿ ಕೂತು, ಶ್ರೀಯನ್ನು ತಮ್ಮ ಕೈಯಿಂದಲೇ ಅಳಿಸಿದರು. ಕಂಪ್ಯೂಟರ್ ಆರಿಸಿ ಹಾಕಿದರು. ಪರದೆ ಕಪ್ಪಾಯಿತು, ಆಮೇಲೆ ಬಣ್ಣ ಬಂತು. ನಿಂಬೆಹಣ್ಣಿನ ಹಿಂದಿನಿಂದ ಲಿನಕ್ಸ್ ನಿಧಾನವಾಗಿ ಮೇಲೆದ್ದಿತು. ಇದು ನಿಂಬೆಹಣ್ಣಿನ ಪ್ರಭಾವವೇ ಎಂದು ಶಿವರುದ್ರಪ್ಪನವರು ಇವತ್ತಿಗೂ ವಾದಿಸುತ್ತಾರೆ.

ಆ ರಾತ್ರಿಯೇ ಕೂತು ಹಜಾರದ ಕಂಪ್ಯೂಟರುಗಳಿಗೆಲ್ಲ ಕಳ್ಳಪ್ರತಿ ತೆಗೆದು ಲಿನಕ್ಸ್ ಹಾಕಿದರು. ಬೆಳಿಗ್ಗೆ ಬಂದ ಅಧಿಕಾರಿಯ ಹೆಸರು ಗೋವಿಂದರಾಜು. ನಗುವುದಕ್ಕೆ ಮೇಲಿನವರ ಅಪ್ಪಣೆ ಬೇಕೇನೋ ಎಂಬಂಥ ಮುಖ. ಇದು ಕೊಂಡದ್ದೋ ಕದ್ದದ್ದೋ ಎಂದು ನೇರವಾಗಿ ಕೇಳಿದರು. ಕೊಂಡದ್ದೂ ಅಲ್ಲ, ಕದ್ದದ್ದೂ ಅಲ್ಲ ಸ್ವಾಮಿ, ದಾಸೋಹದ್ದು ಎಂದರು ದಾಕ್ಷಾಯಣಮ್ಮ. ಮಾಡಿ ತೋರಿಸಿ ಎಂದಾಗ ಪೆನ್‌ಡ್ರೈವ್ ಸಿಕ್ಕಿಸಿದರು. ಬಲಗೈ ಚುರುಚುರು ಅಂದಿತು. ಅದನ್ನು ಸೆರಗಿನಲ್ಲಿ ಸುತ್ತಿ ಅದುಮಿ ಹಿಡಿದು, ಎಡಗೈಯಿಂದಲೇ ಗುಂಡಿ ಒತ್ತಿದರು. ಲಿನಕ್ಸ್ ಬಂತು. ಗೋವಿಂದರಾಜು ಮೇಜಿನಿಂದ ಮೇಜಿಗೆ ಹೋಗಿ ನೋಡಿ, ಮಾನ್ಯತೆಗೆ ಶಿಫಾರಸು ಮಾಡುತ್ತೇನೆ ಎಂದು ಹೇಳಿ, ಬೆಲ್ಲದ ಕಾಫಿ ಎರಡು ಲೋಟ ಕುಡಿದು ಹೋದರು. ಅವರು ಮೆಟ್ಟಿಲಿಳಿದ ಮೇಲೆ ಶಿವರುದ್ರಪ್ಪನವರು ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ, ಯಾರೂ ಹೇಳದೆ ಬೋರ್ಡು ಒರೆಸಿ ಬಂದರು.

ಜೂನ್‌ನಲ್ಲಿ ಹೊಸ ಮಕ್ಕಳು ಸೇರಿದರು. ಮೊದಲ ದಿನ ದಾಕ್ಷಾಯಣಮ್ಮ ಸ್ಕೇಲು ಹಿಡಿದು ಹಜಾರದ ನಡುವೆ ನಿಂತು ತಮ್ಮ ಕಟ್ಟಳೆ ಹೇಳಿದರು. ಈ ಸಲ ಅದಕ್ಕೆ ಎರಡು ಮಾತು ಹೆಚ್ಚಿಗೆ ಸೇರಿತ್ತು.

“ಹಾಳೆ ತಲೆ ಬರಿದಾಗಿ ಬಿಡಬಾರದು. ಏನು ಬರೀಬೇಕು ಅನ್ನೋದು ನಿಮ್ಮ ನಿಮ್ಮ ಮನೇದು, ನಾನು ಕೇಳಲ್ಲ. ಆದ್ರೆ ಆ ಗೂಟಕ್ಕೆ ಒಂದು ಪೆನ್‌ಡ್ರೈವ್ ನೇತುಹಾಕಿದೀನಿ ನೋಡಿ, ಅದರ ತಂಟೆಗೆ ಮಾತ್ರ ಯಾರೂ ಹೋಗ್ಬೇಡಿ. ನಾನೂ ಹೋಗಲ್ಲ.”